ಕೂಸಿನ ಕಿವಿ ಸೋರುವುದೇಕೆ?

ಗುಡ್ನಾಪುರವು ಬನವಾಸಿಯಿಂದ ಐದಾರು ಕಿಲೋಮೀಟರು ದೂರದಲ್ಲಿರುವ ಹಳ್ಳಿ. ಕದಂಬರ ಅರಸನಾದ ರವಿವರ್ಮನ ಶಾಸನ ದೊರೆತ ಊರೆಂದು ಚರಿತ್ರೆ ಬಲ್ಲವರು ಅದನ್ನು ಅರಿತಿರುತ್ತಾರೆ; ಸುತ್ತಲಿನ ರೈತರಿಗಾದರೋ ಅದು ದೊಡ್ಡ ಕೆರೆಯ ಊರು. ಕೆರೆ, ತೂಬು, ಗದ್ದೆ, ತೋಟ ಇವುಗಳ ನಡುವೆ ಬೆಳೆದ ಅಲ್ಲಿನ ಒಕ್ಕಲಿಗನಿಗೆ ಒಂದು ಸಂಗತಿಯನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಅಡಿಕೆ ತೋಟದ ಬಸಿಗಾಲುವೆ ಹೂಳು ತುಂಬಿ ಕಟ್ಟಿಕೊಂಡರೆ ನೀರು ನಿಲ್ಲುತ್ತದೆ. ನಿಂತ ನೀರಿನಲ್ಲಿ ಬೇರು ಕೊಳೆಯುತ್ತದೆ. ಎಳೆಯ ಮಗುವಿನ ಕಿವಿಯೊಳಗೆ ನಡೆಯುವುದೂ ಬಹುಮಟ್ಟಿಗೆ ಇದೇ ಆಗಿದೆ. ಆದುದರಿಂದ ಈ ಪಾಠವನ್ನು ತೋಟದ ಕಾಲುವೆಯಿಂದಲೇ ಆರಂಭಿಸುವುದು ಸೂಕ್ತವೆಂದು ತೋರುತ್ತದೆ.

ಶಿರಸಿ ಸೀಮೆಯ ಯಾವುದೇ ಹಳ್ಳಿಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಆರಿದ್ರಾ ಮಳೆ ಹಿಡಿದಿದೆ. ಒಂದೂವರೆ ವರ್ಷದ ಕೂಸಿಗೆ ಮೂರು ದಿನಗಳಿಂದ ನೆಗಡಿ. ನಡುರಾತ್ರಿಯಲ್ಲಿ ಅದು ಚೀರಿ ಎದ್ದು, ಎತ್ತಿಕೊಂಡರೂ ಸುಮ್ಮನಾಗದೆ, ಮೊಲೆಗೆ ಬಾಯಿಟ್ಟು ಎರಡು ಗುಟುಕು ಕುಡಿದು ಮತ್ತೆ ಚೀರುತ್ತದೆ. ಒಂದು ಕಿವಿಯನ್ನು ಹಿಡಿದು ಎಳೆದುಕೊಳ್ಳುತ್ತದೆ. ಮೈ ಬಿಸಿಯಾಗಿದೆ. ಮನೆಯ ಹಿರಿಯರು ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ ನಾಲ್ಕು ತೊಟ್ಟು ಕಿವಿಗೆ ಬಿಡುತ್ತಾರೆ. ಬೆಳಗಿನ ಜಾವಕ್ಕೆ ಅಳು ನಿಲ್ಲುತ್ತದೆ, ಕೂಸು ಮಲಗುತ್ತದೆ. ಬೆಳಗಾದಾಗ ತಲೆದಿಂಬಿನ ಮೇಲೆ ಹಳದಿ ಕೀವಿನ ಕಲೆ. "ಎಣ್ಣೆ ಕೆಲಸ ಮಾಡಿತು, ಕೆಟ್ಟ ನೀರೆಲ್ಲ ಹೊರಗೆ ಬಂತು" ಎಂದು ಮನೆಯವರು ನೆಮ್ಮದಿ ತಾಳುತ್ತಾರೆ.

ಕೆಲಸ ಮಾಡಿದ್ದು ಎಣ್ಣೆಯಲ್ಲ. ಒಳಗೆ ಕೀವು ತುಂಬಿ ಒತ್ತಡ ಹೆಚ್ಚಿ ಕಿವಿಯ ತಮಟೆ ಒಡೆಯಿತು. ಒತ್ತಡ ಇಳಿದುದರಿಂದ ನೋವು ನಿಂತಿತು. ನೋವು ನಿಂತ ಈ ಬೆಳಗಿನಲ್ಲಿಯೇ ತಾಯ್ತಂದೆಯರು ಅತ್ಯಂತ ಎಚ್ಚರದಿಂದಿರಬೇಕು. ಬಹಳ ಮಂದಿ ಮೈಮರೆಯುವುದೂ ಆಗಲೇ.

ಕಿವಿಯ ರಚನೆ

ನಮ್ಮ ಕಣ್ಣಿಗೆ ಕಾಣುವ ಕಿವಿ ನಿಜವಾದ ಕಿವಿಯ ಹೆಬ್ಬಾಗಿಲು ಮಾತ್ರ. ಅಲ್ಲಿಂದ ಒಂದು ಸಣ್ಣ ಓಣಿ ಒಳಗೆ ಹೋಗಿ ತೆಳುವಾದ ಪೊರೆಯ ಬಳಿ ಮುಗಿಯುತ್ತದೆ. ಇದೇ ಕಿವಿದಮಟೆ. ಇದರ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆಯೊಂದಿದೆ. ಇದಕ್ಕೆ ನಡುಗಿವಿ ಎಂದು ಹೆಸರು. ಇದರಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಎಲುಬುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ. ರಿಕಾಪು ಎಂಬುದು ಮಾನವ ದೇಹದ ಎಲುಬುಗಳಲ್ಲೆಲ್ಲ ಅತಿ ಚಿಕ್ಕದು, ಸುಮಾರು 3 ಮಿಲಿಮೀಟರು, ಎಂದರೆ ಅಕ್ಕಿಯ ನುಚ್ಚಿನಷ್ಟು. ತಾಯಿಯ ಜೋಗುಳವು ತಮಟೆಯನ್ನು ನಡುಗಿಸಿ, ಈ ಎಲುಬುಗಳ ಮೂಲಕ ದಾಟಿ, ಒಳಗಿವಿಯನ್ನು ಸೇರಿ, ಅಲ್ಲಿಂದ ನರದ ಮೂಲಕ ಮಿದುಳಿಗೆ ಮುಟ್ಟುತ್ತದೆ.

ನಡುಗಿವಿಯ ಕೋಣೆಗೆ ಗಾಳಿ ಬರುವುದಕ್ಕೂ ಅಲ್ಲಿನ ತೇವ ಬಸಿದು ಹೋಗುವುದಕ್ಕೂ ಒಂದು ಕಾಲುವೆ ಇದೆ. ಅದು ಮೂಗಿನ ಹಿಂಭಾಗದಲ್ಲಿ, ಗಂಟಲಿನ ಮೇಲ್ತುದಿಯಲ್ಲಿ ತೆರೆದುಕೊಳ್ಳುತ್ತದೆ. ಹದಿನಾರನೆಯ ಶತಮಾನದಲ್ಲಿ ಇದನ್ನು ವಿವರಿಸಿದ ಇಟಲಿಯ ವೈದ್ಯನ ಹೆಸರಿನಿಂದ ಇದನ್ನು ಯೂಸ್ಟೇಶಿಯನ್ ನಾಳವೆಂದು ಕರೆಯುತ್ತಾರೆ. ಘಟ್ಟದ ರಸ್ತೆಯಲ್ಲಿ ಬಸ್ಸು ಇಳಿಯುವಾಗ ಕಿವಿ ಕಟ್ಟಿದಂತಾಗಿ, ಉಗುಳು ನುಂಗಿದರೆ ಟಪ್ ಎಂದು ತೆರೆದುಕೊಳ್ಳುವುದನ್ನು ಎಲ್ಲರೂ ಬಲ್ಲರು. ಆಗ ತೆರೆಯುವುದು ಈ ನಾಳವೇ.

ದೊಡ್ಡವರಲ್ಲಿ ಈ ಕಾಲುವೆ ಉದ್ದವಾಗಿಯೂ ಇಳಿಜಾರಾಗಿಯೂ ಇರುತ್ತದೆ. ಎಳೆಯ ಮಕ್ಕಳಲ್ಲಿ ಅದು ಗಿಡ್ಡ. ಹೆಚ್ಚುಕಡಿಮೆ ಅಡ್ಡಕ್ಕೆ ಮಲಗಿರುತ್ತದೆ. ಇಳಿಜಾರಿಲ್ಲದ ಬಸಿಗಾಲುವೆ ಹೇಗೋ ಹಾಗೆ. ನೆಗಡಿಯಾದಾಗ ಅದರ ಬಾಯಿ ಊದಿಕೊಂಡು ಮುಚ್ಚುತ್ತದೆ, ನಡುಗಿವಿಯಲ್ಲಿ ನೀರು ನಿಲ್ಲುತ್ತದೆ, ಮೂಗು ಗಂಟಲುಗಳಲ್ಲಿದ್ದ ರೋಗಾಣುಗಳು ಆ ಗಿಡ್ಡ ದಾರಿಯಿಂದ ಒಳನುಗ್ಗಿ ಅಲ್ಲಿ ಬೆಳೆಯುತ್ತವೆ. ಆರು ತಿಂಗಳಿಂದ ಎರಡು ವರ್ಷದವರೆಗಿನ ಮಕ್ಕಳಲ್ಲಿ ಈ ಬೇನೆ ಹೆಚ್ಚಾಗಿರುವುದಕ್ಕೆ ಇದೇ ಕಾರಣ. ಮಗು ಬೆಳೆದಂತೆ ನಾಳವೂ ಉದ್ದವಾಗಿ ವಾಲುತ್ತದೆ, ಬೇನೆಯೂ ವಿರಳವಾಗುತ್ತದೆ.

ಇದರಿಂದ ಒಂದು ಮಾತು ಸ್ಪಷ್ಟವಾಗುವುದು. ನಡುಗಿವಿಯ ಬೇನೆ ಹೊರಗಿನ ಕಿವಿಯಿಂದ ಬರುವುದಲ್ಲ, ಮೂಗಿನ ಕಡೆಯಿಂದ ಬರುವುದು. ತಣ್ಣನೆಯ ಗಾಳಿ ಕಿವಿಗೆ ಹೊಕ್ಕಿತೆಂದು ಟೋಪಿ ಕಟ್ಟಿದರೆ ಮಗುವಿಗೆ ಬೆಚ್ಚಗಾದೀತು, ತಪ್ಪೇನಿಲ್ಲ. ಆದರೆ ಬೇನೆಯ ದಾರಿ ಅದಲ್ಲ. ತಮಟೆ ಸರಿಯಿದ್ದರೆ ಹೊರಗಿನಿಂದ ಬಿಟ್ಟ ಎಣ್ಣೆಯು ನಡುಗಿವಿಯನ್ನು ಮುಟ್ಟಲಾರದು, ಪ್ರಯೋಜನವಿಲ್ಲ. ತಮಟೆ ಒಡೆದಿದ್ದರೆ ಮುಟ್ಟುತ್ತದೆ, ಆಗ ಅಪಾಯ.

ನೋವಿನ ರಾತ್ರಿಯಲ್ಲಿ ಮಾಡಬೇಕಾದುದು

ಮಾತು ಬಾರದ ಮಗು ಕಿವಿ ನೋಯುತ್ತದೆಂದು ಹೇಳಲಾರದು. ನೆಗಡಿಯ ನಡುವೆ ಹಠಾತ್ತಾಗಿ ಜ್ವರ, ಮಲಗಿಸಿದರೆ ಹೆಚ್ಚುವ ಅಳು, ಕಿವಿಯನ್ನು ಎಳೆದುಕೊಳ್ಳುವುದು ಅಥವಾ ಉಜ್ಜುವುದು, ಹಾಲು ಒಲ್ಲೆನೆನ್ನುವುದು, ಕೆಲವೊಮ್ಮೆ ವಾಂತಿ ಭೇದಿ ಇವು ಅದರ ಭಾಷೆ. ಬರಿಯ ಕಿವಿ ಎಳೆದುಕೊಳ್ಳುವುದರಿಂದಲೇ ನಿರ್ಣಯಿಸಬಾರದು. ಹಲ್ಲು ಬರುವಾಗಲೂ ನಿದ್ದೆ ಬಂದಾಗಲೂ ಮಕ್ಕಳು ಹಾಗೆ ಮಾಡುವುದುಂಟು.

ಮೊದಲು ನೋವನ್ನು ಕಡಿಮೆ ಮಾಡಬೇಕು. ಇದಕ್ಕೆ ಪ್ಯಾರಾಸಿಟಮಾಲ್ ಸಾಕು. ಮಗುವಿನ ತೂಕದ ಪ್ರತಿ ಕಿಲೋಗ್ರಾಮಿಗೆ 10ರಿಂದ 15 ಮಿಲಿಗ್ರಾಮಿನಂತೆ, ಆರು ಗಂಟೆಗಳ ಅಂತರದಲ್ಲಿ, ದಿನಕ್ಕೆ ನಾಲ್ಕು ಸಲಕ್ಕೆ ಮೀರದಂತೆ ಕೊಡಬಹುದು. ಎಂದರೆ 10 ಕಿಲೋ ತೂಗುವ ಮಗುವಿಗೆ ಒಂದು ಸಲಕ್ಕೆ 100ರಿಂದ 150 ಮಿಲಿಗ್ರಾಂ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಂಗಡಿಯಲ್ಲಿ ದೊರೆಯುವ ಸೀಸೆಗಳೆಲ್ಲ ಒಂದೇ ಸಾಂದ್ರತೆಯವಲ್ಲ. ಒಂದರ 5 ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ ಇದ್ದರೆ ಇನ್ನೊಂದರಲ್ಲಿ 250 ಇರುತ್ತದೆ. ತೊಟ್ಟಿನ ಔಷಧಿಯಲ್ಲಾದರೋ ಒಂದೇ ಮಿಲಿಲೀಟರಿನಲ್ಲಿ 100. ಹಿರಿಯ ಮಗುವಿಗೆ ತಂದ ಸೀಸೆಯನ್ನು ಕಿರಿಯದಕ್ಕೆ ಅಂದಾಜಿನಿಂದ ಕೊಡಬಾರದು. ಚೀಟಿಯನ್ನು ಓದಿ, ಓದಲು ಬಾರದಿದ್ದರೆ ಆಶಾ ಕಾರ್ಯಕರ್ತೆಯಿಂದ ಓದಿಸಿಕೊಂಡು, ಅಳತೆಯ ಮುಚ್ಚಳದಲ್ಲಿಯೇ ಅಳೆದು ಕೊಡಬೇಕು. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಮದ್ದನ್ನಾಗಲಿ ಅಂಗಡಿಯ ಮದ್ದನ್ನಾಗಲಿ ನೆಚ್ಚದೆ ಕೂಡಲೇ ವೈದ್ಯರಲ್ಲಿಗೆ ಒಯ್ಯಬೇಕು. ಆಸ್ಪಿರಿನ್ ಗುಳಿಗೆಯನ್ನು ಯಾವ ಮಗುವಿಗೂ ಕೊಡಬಾರದು.

ನೆಗಡಿ ಕೆಮ್ಮಿನ ಮಿಶ್ರಣದ ಸಿರಪ್ಪುಗಳಿಂದ ಕಿವಿಯ ಬೇನೆ ಗುಣವಾಗುವುದಿಲ್ಲ. ಬಹಳ ಬಳಕೆಯಲ್ಲಿರುವ ಅಂತಹ ಒಂದು ಮಿಶ್ರಣವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಸೀಸೆಯ ಮೇಲೆಯೇ ಬರೆಯಬೇಕೆಂದು ಕೇಂದ್ರದ ಔಷಧ ನಿಯಂತ್ರಕರು 2023ರಲ್ಲಿ ಆದೇಶಿಸಿದ್ದಾರೆ. ಎದೆಹಾಲನ್ನು ಮಾತ್ರ ಬಿಡದೆ ಕೊಡಬೇಕು. ಒಂದೇ ಸಲಕ್ಕೆ ಕುಡಿಯದಿದ್ದರೆ ಸ್ವಲ್ಪ ಸ್ವಲ್ಪವಾಗಿ ಹಲವು ಸಲ.

ಮರುದಿನ ಬನವಾಸಿಯ ಸರ್ಕಾರಿ ಆಸ್ಪತ್ರೆಗೋ ತಮ್ಮ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಮಗುವನ್ನು ಕರೆದೊಯ್ಯಬೇಕು. ವೈದ್ಯರು ಸಣ್ಣ ದೀಪದ ಉಪಕರಣದಿಂದ ಕಿವಿಯೊಳಗೆ ನೋಡುವರು. ಆರೋಗ್ಯವಂತ ತಮಟೆ ಮುತ್ತಿನ ಚಿಪ್ಪಿನಂತೆ ಹೊಳೆಯುತ್ತದೆ. ಬೇನೆ ಬಂದದ್ದು ಕೆಂಪಾಗಿ ಹೊರಕ್ಕೆ ಉಬ್ಬಿರುತ್ತದೆ. ಎರಡು ವರ್ಷ ದಾಟಿದ ಮಗುವಿಗೆ ಬೇನೆ ಸೌಮ್ಯವಾಗಿದ್ದರೆ ವೈದ್ಯರು ರೋಗಾಣುನಾಶಕ ಔಷಧಿಯನ್ನು ಕೂಡಲೇ ಬರೆಯದೆ, ನೋವಿಗೆ ಮಾತ್ರ ಮದ್ದು ಕೊಟ್ಟು, ಎರಡು ಮೂರು ದಿನ ನೋಡಿ ಬನ್ನಿರೆನ್ನಬಹುದು. ಇದನ್ನು ಉದಾಸೀನವೆಂದು ತಿಳಿಯಬಾರದು. ಇಂತಹ ಬೇನೆಗಳಲ್ಲಿ ಅನೇಕವು ತಾವಾಗಿಯೇ ಇಳಿಯುತ್ತವೆ. ಕೂಸು ಆರು ತಿಂಗಳೊಳಗಿನದಾದರೆ, ಎರಡೂ ಕಿವಿಗೆ ಬೇನೆಯಿದ್ದರೆ, ಜ್ವರ ತೀವ್ರವಾಗಿದ್ದರೆ, ಕೀವು ಸೋರುತ್ತಿದ್ದರೆ ಅಮಾಕ್ಸಿಸಿಲಿನ್ ಮೊದಲಾದ ಔಷಧಿ ಕೊಡುವರು. ಮೂರನೆಯ ದಿನಕ್ಕೆ ಮಗು ಆಡತೊಡಗುತ್ತದೆ. ಆಗ ಮದ್ದು ನಿಲ್ಲಿಸಿ ಉಳಿದುದನ್ನು ಮುಂದಿನ ಸಲಕ್ಕೆಂದು ಮಾಡಿನ ಸಂದಿಯಲ್ಲಿ ಎತ್ತಿಡುವುದು ನಮ್ಮಲ್ಲಿ ಬಹಳ ಮನೆಗಳ ವಾಡಿಕೆ. ಅರ್ಧ ಸತ್ತ ರೋಗಾಣು ಮತ್ತೆ ಬೆಳೆದಾಗ ಅದೇ ಮದ್ದಿಗೆ ಬಗ್ಗದೆ ಹೋಗಬಹುದು. ಕಲಸಿದ ಅಮಾಕ್ಸಿಸಿಲಿನ್ ದ್ರವವೂ ಹೆಚ್ಚು ದಿನ ಬಾಳುವುದಿಲ್ಲ.

ಕಿವಿ ಸೋರತೊಡಗಿದರೆ

ಸೋರುವ ಕಿವಿಯನ್ನು ಒಣಗಿಸುವುದೇ ಅರ್ಧ ಚಿಕಿತ್ಸೆ. ಅದು ತಾಯ್ತಂದೆಯರ ಕೈಯಲ್ಲಿಯೇ ಇದೆ, ಖರ್ಚೂ ಇಲ್ಲ. ಹಳೆಯ ಮೆತ್ತನೆಯ ಹತ್ತಿಯ ಪಂಚೆಯನ್ನು ಕುದಿಸಿ, ಬಿಸಿಲಿನಲ್ಲಿ ಒಣಗಿಸಿಟ್ಟುಕೊಳ್ಳಬೇಕು. ಮಳೆಗಾಲದಲ್ಲಿ ಬಿಸಿಲಿಲ್ಲದಿದ್ದರೆ ಇಸ್ತ್ರಿಯಿಂದ ಒಣಗಿಸಬಹುದು. ಕೈಯನ್ನು ಸಾಬೂನಿನಿಂದ ತೊಳೆದು, ಬಟ್ಟೆಯ ಒಂದು ತುಂಡನ್ನು ದೀಪದ ಬತ್ತಿಯಂತೆ ಹೊಸೆಯಬೇಕು. ಮಗುವನ್ನು ಒಬ್ಬರು ತೊಡೆಯ ಮೇಲೆ ಹಿಡಿದುಕೊಂಡಿರಲಿ. ಇನ್ನೊಬ್ಬರು ಕಿವಿಯನ್ನು ಮೆಲ್ಲನೆ ಹಿಂದಕ್ಕೆಳೆದು ಬತ್ತಿಯ ತುದಿಯನ್ನು ಕಿವಿಯ ಓಣಿಯಲ್ಲಿ ಇಟ್ಟು, ಅದು ಕೀವನ್ನು ಹೀರಿ ಒದ್ದೆಯಾಗುವವರೆಗೆ ಬಿಡಬೇಕು. ತೆಗೆದು ಬಿಸುಟು, ಹೊಸ ಬತ್ತಿ ಇಡಬೇಕು. ಬತ್ತಿ ಒಣಗಿಯೇ ಹೊರಬರುವವರೆಗೆ ಹೀಗೆ ಮಾಡುತ್ತಿರಬೇಕು. ದಿನಕ್ಕೆ ಮೂರು ನಾಲ್ಕು ಸಲ ಇದು ನಡೆಯಬೇಕು. ಕೆಲವು ದಿನಗಳ ಕಾಲ ಬೇಸರದ ಕೆಲಸವೇ ಸರಿ. ಗಂಡಹೆಂಡಿರಿಬ್ಬರೂ ಹಂಚಿಕೊಂಡರೆ ಮಾತ್ರ ಸಾಗುವುದು.

ಕಡ್ಡಿಗೆ ಹತ್ತಿ ಸುತ್ತಿ ಒಳಗೆ ತೂರಿಸಬಾರದು. ಕೂದಲಿನ ಪಿನ್ನು, ಕೋಳಿಗರಿ, ಬೆಂಕಿಕಡ್ಡಿ ಇವು ಬೇಡವೇ ಬೇಡ. ಹತ್ತಿಯನ್ನು ಗಿಡಿದು ಕಿವಿಯನ್ನು ಮುಚ್ಚಿಟ್ಟರೆ ಕೀವು ಒಳಗೇ ನಿಲ್ಲುತ್ತದೆ. ಎಣ್ಣೆ, ದೊಡ್ಡಪತ್ರೆಯ ರಸ, ಈರುಳ್ಳಿಯ ರಸ, ಎದೆಹಾಲು ಇವಾವುದನ್ನೂ ಕಿವಿಗೆ ಬಿಡಬಾರದು. ದೊಡ್ಡಪತ್ರೆಯ ತಂಬುಳಿ ಊಟಕ್ಕೆ ಹಿತವಾದುದು, ಆ ಬಗ್ಗೆ ನಮ್ಮ ತಕರಾರಿಲ್ಲ. ಅದರ ಸ್ಥಳ ಬಾಳೆಲೆ, ಕಿವಿಯಲ್ಲ. ಹಿಂದೆಂದೋ ತಂದ ಕಿವಿಯ ಹನಿಯನ್ನೂ ವೈದ್ಯರನ್ನು ಕೇಳದೆ ಬಿಡಬಾರದು. ತಮಟೆ ಒಡೆದಾಗ ಕೆಲವು ಹನಿಗಳು ಒಳಗಿವಿಗೆ ಇಳಿದು ಕೇಳುವ ನರಕ್ಕೇ ಕೇಡು ಮಾಡಬಲ್ಲವು. ಸ್ನಾನದ ಹೊತ್ತಿನಲ್ಲಿ ವ್ಯಾಸಲೀನು ಸವರಿದ ಹತ್ತಿಯ ಉಂಡೆಯನ್ನು ಕಿವಿಯ ಬಾಯಿಗಿಟ್ಟು, ಸ್ನಾನ ಮುಗಿದೊಡನೆ ತೆಗೆಯಬೇಕು. ದೊಡ್ಡ ಮಕ್ಕಳಾದರೆ ಕಿವಿ ವಾಸಿಯಾಗುವವರೆಗೆ ಕೆರೆಯ ಈಜು ನಿಲ್ಲಲಿ.

ಹೀಗೆ ಒಣಗಿಸುತ್ತ ಔಷಧಿ ಕೊಟ್ಟರೆ ಒಡೆದ ತಮಟೆ ಕೆಲವು ವಾರಗಳಲ್ಲಿ ತಾನಾಗಿಯೇ ಕೂಡಿಕೊಳ್ಳುವುದು ಸಾಮಾನ್ಯ. ಆದರೆ ಎರಡು ವಾರ ಕಳೆದರೂ ಸೋರುತ್ತಲೇ ಇದ್ದರೆ ಅದು ಹಳೆಯ ಬೇನೆಯಾಗಿ ಬೇರೂರಿತೆಂದು ಅರ್ಥ. ಆಗ ಬಾಯಿಯ ಔಷಧಿಗಿಂತ, ಬತ್ತಿಯಿಂದ ಒಣಗಿಸಿದ ಮೇಲೆ ವೈದ್ಯರು ಕೊಟ್ಟ ಸಿಪ್ರೊಫ್ಲಾಕ್ಸಸಿನ್ ಹನಿಯನ್ನು ಬಿಡುವುದು ಹೆಚ್ಚು ಫಲಕಾರಿ. ಸೋರುವುದು ಸ್ವಲ್ಪವೇ ಆಗಿದ್ದು ಕೊಳೆತ ವಾಸನೆ ಬರುತ್ತಿದ್ದರೆ ಇನ್ನೂ ಎಚ್ಚರ ಬೇಕು. ಅಲ್ಲಿ ಒಳಚರ್ಮವು ಗಂಟಿನಂತೆ ಬೆಳೆದು ಎಲುಬನ್ನು ಗೆದ್ದಲಿನಂತೆ ಸವೆಸುತ್ತಿರಬಹುದು. ಅದಕ್ಕೆ ಶಸ್ತ್ರಚಿಕಿತ್ಸೆಯೇ ಮದ್ದು.

ಕಿವಿಯ ಹಿಂದೆ ನೋವಿನಿಂದ ಕೂಡಿದ ಬಾವು ಎದ್ದು ಕಿವಿ ಮುಂದಕ್ಕೆ ಬಾಗಿದಂತೆ ಕಂಡರೆ, ಕುತ್ತಿಗೆ ಬಿಗಿದರೆ, ಮಗು ಎಚ್ಚರಿಸಿದರೂ ಏಳದಂತೆ ಮಂಕಾದರೆ, ಸೆಳೆತ ಬಂದರೆ, ಮುಖದ ಒಂದು ಬದಿ ಜೋತರೆ ಬೆಳಗಾಗುವವರೆಗೆ ಕಾಯಬಾರದು. ಕೀವು ಮಿದುಳಿನ ಕಡೆಗೆ ಹರಡುತ್ತಿರುವ ಲಕ್ಷಣಗಳಿವು. 108ಕ್ಕೆ ಕರೆ ಮಾಡಿ ಶಿರಸಿಯ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿಂದ ಅಗತ್ಯವಿದ್ದರೆ ಹುಬ್ಬಳ್ಳಿಗೋ ಕಾರವಾರಕ್ಕೋ ಕಳುಹಿಸುವರು.

ಕೇಳದ ಮಗು, ಹಠದ ಮಗುವಲ್ಲ

ಕಿವಿ ಸೋರಿದರೆ ಮಗು ಸಾಯುವುದು ಅಪರೂಪ. ಅದಕ್ಕಾಗಿಯೇ ಇದನ್ನು ಜನರು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಷ್ಟ ಬೇರೊಂದು ಕಡೆ ಆಗುತ್ತಿರುತ್ತದೆ. ಮಗು ಮಾತನ್ನು ಕಲಿಯುವುದು ಕಿವಿಯಿಂದ. ಮೊದಲ ಮೂರು ವರ್ಷಗಳಲ್ಲಿ ತಿಂಗಳುಗಟ್ಟಲೆ ಅರ್ಧಮರ್ಧ ಕೇಳಿಸಿಕೊಂಡ ಮಗುವಿನ ಮಾತು ಅರ್ಧಮರ್ಧವೇ ಆಗಬಹುದು. ನೋವಿಲ್ಲದೆ, ಸೋರದೆ, ನಡುಗಿವಿಯಲ್ಲಿ ಅಂಟಿನಂತಹ ನೀರು ನಿಲ್ಲುವುದೂ ಉಂಟು. ಹೊರಗೇನೂ ಕಾಣದು, ಮಗು ಕರೆದರೆ ತಿರುಗುವುದಿಲ್ಲ ಅಷ್ಟೆ. ಬಹುಪಾಲು ಮಕ್ಕಳಲ್ಲಿ ಈ ನೀರು ಮೂರು ತಿಂಗಳೊಳಗೆ ಇಂಗುತ್ತದೆ. ಇಂಗದಿದ್ದರೆ ಕಿವಿಯ ತಜ್ಞರಿಂದ ಪರೀಕ್ಷೆ ಮಾಡಿಸಬೇಕು.

ಶಾಲೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು, ಪ್ರಶ್ನೆ ಕೇಳಿದರೆ ಬೇರೇನೋ ಉತ್ತರಿಸಿ, ದಡ್ಡನೆಂದು ಹೆಸರು ಹೊತ್ತ ಹುಡುಗನಿಗೆ ಬಹಳ ಸಲ ಬೇಕಾದುದು ಗದರಿಕೆಯಲ್ಲ, ಶ್ರವಣ ಪರೀಕ್ಷೆ. ನಾಲ್ಕೈದು ತಿಂಗಳ ಕೂಸು ಸದ್ದಿನ ಕಡೆಗೆ ತಿರುಗಬೇಕು. ವರ್ಷ ತುಂಬುವ ಹೊತ್ತಿಗೆ ಒಂದೆರಡು ಮಾತು ಬರಬೇಕು. ಎರಡು ವರ್ಷಕ್ಕೆ "ಅಮ್ಮ ಬಾ" ಎಂದು ಎರಡು ಪದ ಕೂಡಿಸಬೇಕು. ಹಾಗಾಗದಿದ್ದರೆ "ನಮ್ಮ ಮನೆತನದಲ್ಲಿ ಮಾತು ತಡವೇ" ಎಂದು ಸುಮ್ಮನಿರಬಾರದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡವು ಅಂಗನವಾಡಿಗಳಿಗೂ ಸರ್ಕಾರಿ ಶಾಲೆಗಳಿಗೂ ಬರುತ್ತದೆ. ಕಿವಿ ಸೋರುವ ಮಗುವನ್ನು ಆ ದಿನ ಮನೆಯಲ್ಲಿಟ್ಟುಕೊಳ್ಳದೆ ಕಳುಹಿಸಬೇಕು. ಕಿವುಡುತನ ತಡೆಯ ರಾಷ್ಟ್ರೀಯ ಕಾರ್ಯಕ್ರಮ 2007ರಿಂದ ನಡೆದಿದೆ. 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಡೀ ದೇಶದಲ್ಲಿ ಹೆಸರಾದುದು. ಮಕ್ಕಳ ಶ್ರವಣದೋಷದಲ್ಲಿ ನೂರಕ್ಕೆ ಸುಮಾರು 60 ಪಾಲು ತಡೆಯಬಹುದಾದುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಬಾರದಂತೆ ತಡೆಯುವುದು

ಎದೆಹಾಲಿಗೆ ಸಮನಾದ ತಡೆ ಮತ್ತೊಂದಿಲ್ಲ. ಗಿಣ್ಣುಹಾಲನ್ನು ಹಿಂಡಿ ಚೆಲ್ಲದೆ ಕೂಸಿಗೆ ಕುಡಿಸಿ, ಆರು ತಿಂಗಳವರೆಗೆ ಬರಿಯ ಎದೆಹಾಲನ್ನೇ ಕೊಟ್ಟು, ಅನಂತರ ಮೇಲುಣಿಸಿನೊಡನೆ ಎರಡು ವರ್ಷದವರೆಗಾದರೂ ಮುಂದುವರಿಸಬೇಕು. ಮಲಗಿಸಿದ ಕೂಸಿನ ಬಾಯಿಗೆ ಬಾಟಲಿಯನ್ನಿಟ್ಟು ಕೆಲಸಕ್ಕೆ ಹೋಗುವುದು ಎರಡು ಬಗೆಯಲ್ಲಿ ಕೇಡು. ಹಾಲು ಗಂಟಲಿನ ಮೇಲ್ಗಡೆ ಏರಿ ಆ ಅಡ್ಡ ಕಾಲುವೆಗೆ ನುಗ್ಗಬಹುದು. ಬಾಟಲಿಯ ರಬ್ಬರೂ ರೋಗಾಣುಗಳ ತವರು. ಬೇರೆ ಹಾಲು ಕೊಡಲೇಬೇಕಾದರೆ ತಲೆಯೆತ್ತಿ ಹಿಡಿದು ಲೋಟ ಚಮಚದಿಂದ ಕುಡಿಸಬೇಕು. ಒಂದು ಮಗುವಿಗೂ ಇನ್ನೊಂದಕ್ಕೂ ಮೂರು ವರ್ಷದ ಅಂತರವಿರಲಿ ಎಂದು ಈ ಪುಸ್ತಿಕೆ ಬೇರೆ ಪುಟಗಳಲ್ಲಿ ಹೇಳುವುದಕ್ಕೆ ಇದೂ ಒಂದು ಕಾರಣ: ಬೇಗನೆ ಮತ್ತೆ ಬಸಿರಾದರೆ ಮೊದಲ ಕೂಸಿನ ಎದೆಹಾಲನ್ನು ಅವಧಿಗೆ ಮೊದಲೇ ಬಿಡಿಸುವ ವಾಡಿಕೆ ಎಷ್ಟೋ ಮನೆಗಳಲ್ಲಿದೆ.

ಹೊಗೆಯ ಮಾತು ಗಂಡಸರಿಗೆ. ಬೀಡಿ ಸಿಗರೇಟಿನ ಹೊಗೆ ಕೂಸಿನ ಮೂಗು, ಗಂಟಲು, ನಾಳದ ಒಳಪೊರೆಯನ್ನು ಊದಿಸುತ್ತದೆ. ಜಗುಲಿಯಲ್ಲಿ ಸೇದಿದರೂ ಮಳೆಗಾಲದಲ್ಲಿ ಬಾಗಿಲು ಮುಚ್ಚಿದ ಮನೆಯೊಳಗೆ ಅದು ಬಂದೇ ಬರುತ್ತದೆ. ಸೌದೆಯ ಒಲೆ, ಬಚ್ಚಲಿನ ಹಂಡೆಯ ಒಲೆ, ಅಡಿಕೆ ಬೇಯಿಸುವ ಒಲೆ ಇವುಗಳ ಬಳಿ ಕೂಸಿನ ತೊಟ್ಟಿಲು ಇರಬಾರದು. ಮಿಂದ ಕೂಸಿನ ತಲೆಯನ್ನು ಸಾಂಬ್ರಾಣಿಯ ಹೊಗೆಗೆ ಹಿಡಿಯುವ ಪದ್ಧತಿ ಪ್ರೀತಿಯಿಂದಲೇ ಬಂದುದು. ಆದರೂ ಒಣ ಬಟ್ಟೆಯಿಂದ ಒರೆಸಿದರೆ ತಲೆ ಅಷ್ಟೇ ಒಣಗುತ್ತದೆ. ಎಣ್ಣೆ ತಿಕ್ಕಿ ಬಿಸಿನೀರು ಎರೆಯುವುದನ್ನು ಬೇಡವೆನ್ನುವುದಿಲ್ಲ. ಕಿವಿಗೆ, ಮೂಗಿಗೆ ಎಣ್ಣೆ ಬಿಡುವುದನ್ನೂ, ನೀರು ತೆಗೆಯಲೆಂದು ಅವುಗಳಿಗೆ ಬಾಯಿಯಿಂದ ಊದುವುದನ್ನೂ ಎರೆಯುವ ಅಜ್ಜಿಯರು ಬಿಡಬೇಕು. ಊದುವ ಬಾಯಿಯಿಂದ ರೋಗಾಣು ಕೂಸಿಗೆ ದಾಟುತ್ತದೆ. ಇದನ್ನು ಸೊಸೆ ಹೇಳಿದರೆ ಮನಸ್ತಾಪವಾಗಬಹುದು. ಮಗನಾದವನು ತಾಯಿಗೆ ಹೇಳಿದರೆ ಕೆಲಸವೂ ಆಗುತ್ತದೆ, ಮನೆಯೂ ತಣ್ಣಗಿರುತ್ತದೆ.

ಇನ್ನು ಲಸಿಕೆ. ನಡುಗಿವಿಯ ಬೇನೆಗೆ ಮುಖ್ಯ ಕಾರಣಗಳಲ್ಲಿ ನ್ಯುಮೋಕಾಕಸ್ ಎಂಬ ರೋಗಾಣು ಒಂದು. ಅದನ್ನು ತಡೆಯುವ ಲಸಿಕೆ ಒಂದು ಕಾಲದಲ್ಲಿ ಹಣವುಳ್ಳವರಿಗಷ್ಟೇ ದೊರೆಯುತ್ತಿತ್ತು. 2021ರಿಂದ ದೇಶದ ಎಲ್ಲ ಕಡೆ ಉಚಿತ ಲಸಿಕೆಗಳಲ್ಲಿ ಸೇರಿದೆ. ಆರನೆಯ ವಾರ, ಹದಿನಾಲ್ಕನೆಯ ವಾರ ಮತ್ತು ಒಂಬತ್ತನೆಯ ತಿಂಗಳು ಹೀಗೆ ಮೂರು ಸಲ ಹಾಕಿಸಬೇಕು. ದಡಾರವೂ ಕಿವಿಯನ್ನು ಕೆಡಿಸುವ ರೋಗವೇ. ದಡಾರ ರುಬೆಲ್ಲಾ ಲಸಿಕೆಯನ್ನು ಒಂಬತ್ತು ತಿಂಗಳು ತುಂಬಿದ ಮೇಲೊಮ್ಮೆ, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳ ನಡುವೆ ಇನ್ನೊಮ್ಮೆ ಕೊಡುವರು. ಸೌಮ್ಯ ನೆಗಡಿಯಿದ್ದರೂ ಲಸಿಕೆ ಹಾಕಿಸಬಹುದು. ಗದ್ದೆಯ ನಟ್ಟಿಯ ದಿನಗಳಲ್ಲಿ ಲಸಿಕೆಯ ದಿನ ತಪ್ಪಿಹೋದರೆ, ಅವಧಿ ಮೀರಿತೆಂದು ಕೈಬಿಡದೆ, ತಾಯಿ ಕಾರ್ಡನ್ನು ಹಿಡಿದು ಮುಂದಿನ ಲಸಿಕೆಯ ದಿನವೇ ಉಪಕೇಂದ್ರಕ್ಕೆ ಹೋಗಿ ದಾದಿಯವರನ್ನು ಕಾಣಬೇಕು.